ಮಾಳಿಗೆಗೆ ಅಡ್ಡಗೋಡೆ ಕಟ್ಟಿ

ಶುಕ್ರವಾರ ಸಂಜೆಯ ಸತ್ಯವೇದ ಪಾಠ, ವಕ್ಕಲೇರಿ
ಓದುವ ಭಾಗ: ಧರ್ಮೋಪದೇಶಕಾಂಡ 22:8, ಮತ್ತಾಯ 12:43-45, ಯಾಕೋಬ 5:16

ದೇವರಿಗೆ ಸ್ತೋತ್ರ. ಡೈರಿಗೆ ಹಾಲು ಹಾಕಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಊಟ ಮಾಡದೆ ಬಂದವರೂ ಇದ್ದೀರಿ. ನಿಮ್ಮ ಸಮಯವನ್ನ ದೇವರು ಆಶೀರ್ವದಿಸಲಿ.

ಇವತ್ತಿನ ಪಾಠ ಫೋನಿನ ಬಗ್ಗೆ. ಯಾರೂ ಫೋನನ್ನ ಚೀಲದೊಳಗೆ ಬಚ್ಚಿಡಬೇಡಿ, ಬೈಯೋದಕ್ಕೆ ಬಂದಿಲ್ಲ. ಬೈಸಿಕೊಳ್ಳಬೇಕಾದವರಲ್ಲಿ ನಾನೇ ಮೊದಲನೆಯವನು. ಅದು ಯಾಕೆ ಅಂತ ಮುಂದೆ ಹೇಳ್ತೀನಿ. ಮೊದಲು ವಾಕ್ಯ ತೆಗೆಯೋಣ.

ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ. ದೇವರು ಮೋಶೆಯ ಮೂಲಕ ಹೇಳಿದ ಮಾತಿನ ಸಾರ ಇಷ್ಟು: ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು. ಕಟ್ಟದೆ ಬಿಟ್ಟು, ಯಾರಾದರೂ ಮೇಲಿಂದ ಬಿದ್ದು ಸತ್ತರೆ, ಆ ರಕ್ತದ ಅಪರಾಧ ಆ ಮನೆಯ ಮೇಲೆ ಬರುತ್ತದೆ.

ಅಡ್ಡಗೋಡೆ ಅಂದರೆ ನಾವು ಪ್ಯಾರಾಪೆಟ್ ಅಂತೀವಲ್ಲ, ಅದೇ. ನಮ್ಮ ಕಡೆ ಮನೆ ಕಟ್ಟುವಾಗ ದುಡ್ಡು ಖಾಲಿಯಾದರೆ ಮೊದಲು ನಿಲ್ಲೋದು ಆ ಗೋಡೆಯೇ. "ಮೋಲ್ಡ್ ಹಾಕಿಸಿದ್ದಾಯ್ತು, ಪ್ಯಾರಾಪೆಟ್ ಮುಂದಿನ ವರ್ಷ ನೋಡೋಣ" ಅಂತೀವಿ. ಹತ್ತು ವರ್ಷ ಆದರೂ ಆ ಮುಂದಿನ ವರ್ಷ ಬರೋದಿಲ್ಲ. ಮಾಳಿಗೆ ಮೇಲೆ ರಾಗಿ ಒಣಗಿಸ್ತೀವಿ, ಬೇಸಿಗೆಯಲ್ಲಿ ಮಲಗ್ತೀವಿ, ಮಕ್ಕಳು ಗಾಳಿಪಟ ಬಿಡ್ತಾರೆ. ಅಂಚಿನಲ್ಲಿ ಮಾತ್ರ ಏನೂ ಇರೋದಿಲ್ಲ.

ಸತ್ಯವೇದದ ಕಾಲದಲ್ಲೂ ಮಾಳಿಗೆ ಹೀಗೇ ಬಳಕೆಯ ಜಾಗ. ರಾಹಾಬಳು ಗೂಢಚಾರರನ್ನ ಬಚ್ಚಿಟ್ಟಿದ್ದು ಮಾಳಿಗೆ ಮೇಲೆ, ಸೆಣಬಿನ ಕಡ್ಡಿಗಳ ನಡುವೆ. ಅಪೊಸ್ತಲರ ಕೃತ್ಯಗಳು 10ರಲ್ಲಿ ಪೇತ್ರನು ಪ್ರಾರ್ಥನೆಗೆ ಹೋಗಿದ್ದು ಮಾಳಿಗೆಗೆ, ಅವನಿಗೆ ದರ್ಶನ ಆಗಿದ್ದೂ ಅಲ್ಲೇ. ಆದರೆ 2 ಸಮುವೇಲ 11 ನೋಡಿ. ಅರಸರು ಯುದ್ಧಕ್ಕೆ ಹೋಗೋ ಕಾಲ. ದಾವೀದನು ಮಾತ್ರ ಯೆರೂಸಲೇಮಿನಲ್ಲೇ ಉಳಿದುಕೊಂಡ. ಸಂಜೆ ಹೊತ್ತು ಎದ್ದ, ಕೆಲಸ ಇಲ್ಲ, ಸುಮ್ಮನೆ ಮಾಳಿಗೆ ಮೇಲೆ ತಿರುಗಾಡಿದ, ನೋಡಿದ. ಮುಂದಿನ ಕಥೆ ನಿಮಗೆ ಗೊತ್ತು.

ಪೇತ್ರನಿಗೆ ಪರಲೋಕ ತೆರೆದದ್ದು ಮಾಳಿಗೆಯಲ್ಲಿ. ದಾವೀದನು ಬಿದ್ದದ್ದೂ ಮಾಳಿಗೆಯಲ್ಲಿ. ನಮ್ಮ ಕೈಯಲ್ಲಿರೋ ಫೋನ್ ಅಂಥದ್ದೇ ಒಂದು ಮಾಳಿಗೆ. ಸತ್ಯವೇದ ಅದರಲ್ಲೇ ಓದ್ತೀವಿ, ಟೊಮೇಟೊ ರೇಟು ಅದರಲ್ಲೇ ನೋಡ್ತೀವಿ, ಹಾಲಿನ ದುಡ್ಡು ಬಂತಾ ಅಂತಲೂ ಅದರಲ್ಲೇ ನೋಡ್ತೀವಿ. ಬೀಳೋದೂ ಅದರಲ್ಲೇ. ಗಮನಿಸಿ, ದೇವರು "ಮಾಳಿಗೆಯನ್ನ ಒಡೆದುಹಾಕು" ಅಂತ ಹೇಳಲಿಲ್ಲ. ಗೋಡೆ ಕಟ್ಟು ಅಂದ. ಆಮೆನ್ ಅನ್ನಿ.

ನನ್ನ ಸಾಕ್ಷಿ

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಹೋಬಳಿಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಮಗನನ್ನ ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಪಿಯುಸಿ. ಹೆಸರು, ಊರು ಕೇಳಬೇಡಿ. ಅವನನ್ನೂ ಅವನ ತಾಯಿಯನ್ನೂ ಕೇಳಿಯೇ ಇದನ್ನ ಹೇಳ್ತಿದ್ದೀನಿ.

ಆ ತಾಯಿಗೆ ಎರಡು ಹಸು. ಹಾಲಿನ ಬಟವಾಡೆ ಬ್ಯಾಂಕ್ ಖಾತೆಗೆ ಬರುತ್ತೆ. ಫೋನಿನಲ್ಲಿ ದುಡ್ಡು ಕಳಿಸೋದು ಅವರಿಗೆ ಬರೋದಿಲ್ಲ, ಮಗನೇ ನೋಡಿಕೊಳ್ತಿದ್ದ. ರಾತ್ರಿ ಹೊತ್ತು ಅವನು ಒಂದು ಆಟ ಆಡ್ತಿದ್ದ, ದುಡ್ಡು ಕಟ್ಟಿ ಆಡುವಂಥದ್ದು. ಮೊದಲು ಐವತ್ತು ರೂಪಾಯಿ, ಆಮೇಲೆ ಇನ್ನೂರು. ಒಂದು ದಿನ ಬೂಸಾ ತರೋಣ ಅಂತ ನೋಡಿದರೆ ಖಾತೆಯಲ್ಲಿ ಹದಿನಾಲ್ಕು ಸಾವಿರ ಇರಬೇಕಾದ ಕಡೆ ಇನ್ನೂರ ಹನ್ನೊಂದು ರೂಪಾಯಿ ಇತ್ತು.

ಆ ತಾಯಿ ಅಳುತ್ತಾ ಹೇಳಿದ್ದು ಒಂದೇ ಮಾತು. "ಪಾಸ್ಟ್ರೇ, ನನ್ನ ಮಗನಿಗೆ ದೆವ್ವ ಹಿಡಿದಿದೆ, ಬಿಡಿಸಿ."

ನಾನು ಅವನ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆ. ಗಟ್ಟಿಯಾಗಿ ಮಾಡಿದೆ. ಅವನೂ ಅತ್ತ. ಆಮೇಲೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದ, "ಅಣ್ಣಾ, ನೀವು ದಿನಕ್ಕೆ ಎಷ್ಟು ಹೊತ್ತು ನೋಡ್ತೀರಾ?" ನಾನು ಅಂದೆ, "ನಾನಾ? ಅಷ್ಟೇನಿಲ್ಲಪ್ಪ, ವಾಕ್ಯ ನೋಡ್ತೀನಿ, ಮೆಸೇಜ್ ನೋಡ್ತೀನಿ."

ಅವರು ಹೋದರು. ಊಟ ಆಯ್ತು, ಮನೆಯವರು ಮಲಗಿದರು. ಒಂದು ವಿಡಿಯೋ ನೋಡೋಣ ಅಂತ ಗೋಡೆಗೆ ಒರಗಿಕೊಂಡೆ. ಕ್ರಿಕೆಟ್ ಒಂದು, ಅಡುಗೆ ಒಂದು, ಯಾರೋ ಬೋರ್‌ವೆಲ್ ಕೊರೆಸೋದು ಒಂದು, ಯಾರೋ ಜಗಳ ಆಡೋದು ಒಂದು. ತಲೆ ಎತ್ತಿ ನೋಡಿದರೆ ರಾತ್ರಿ ಒಂದೂವರೆ. ಸಾಯಂಕಾಲ ಆ ಹುಡುಗನ ತಲೆ ಮೇಲೆ ಇಟ್ಟಿದ್ದ ಕೈ, ಅದೇ ಬೆರಳು, ಇನ್ನೂ ಮೇಲಕ್ಕೆ ತಳ್ಳುತ್ತಾನೇ ಇತ್ತು.

ಆಗ ಅವನ ಪ್ರಶ್ನೆ ನೆನಪಾಯ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದು ಭಾಗ ಇದೆ. 2018ರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಬರುತ್ತಿದೆ. ಯಾವ ಆ್ಯಪ್ ಎಷ್ಟು ಹೊತ್ತು ನೋಡಿದ್ದೀವಿ ಅಂತ ಅದು ಲೆಕ್ಕ ಇಟ್ಟಿರುತ್ತೆ. ತೆಗೆದು ನೋಡಿದೆ. ಆ ದಿನ 4 ಗಂಟೆ 12 ನಿಮಿಷ. ಅದರಲ್ಲಿ ಸತ್ಯವೇದದ ಆ್ಯಪ್ 9 ನಿಮಿಷ.

ಪ್ರಿಯರೇ, ನಾನು ಅಶ್ಲೀಲವಾದದ್ದು ನೋಡಿರಲಿಲ್ಲ, ಜೂಜು ಆಡಿರಲಿಲ್ಲ. "ತಪ್ಪೇನು ಮಾಡಿದೆ?" ಅಂತ ಮನಸ್ಸು ವಾದ ಮಾಡ್ತು. ಆದರೆ ಆ ಹುಡುಗನಿಗೆ ಸುಳ್ಳು ಹೇಳಿದ್ದೆ. ಅವನ ಹಾಗೇ ನನಗೂ ನಿಲ್ಲಿಸೋಕೆ ಆಗ್ತಿರಲಿಲ್ಲ. ಅವನದು ತಾಯಿಯ ದುಡ್ಡು ಹೋಯ್ತು. ನನ್ನದು ಪ್ರಾರ್ಥನೆಯ ಸಮಯ ಹೋಯ್ತು, ನಿದ್ದೆ ಹೋಯ್ತು, ಬೆಳಿಗ್ಗೆ ನಿಮ್ಮ ಕಷ್ಟ ಕೇಳುವಾಗ ಇರಬೇಕಾದ ಕಿವಿ ಹೋಯ್ತು.

ಎರಡು ದಿನ ಬಿಟ್ಟು ಅವರ ಊರಿಗೇ ಹೋಗಿ ಅವನ ಹತ್ತಿರ ನನ್ನ ಫೋನ್ ಕೊಟ್ಟು ಆ ಲೆಕ್ಕ ತೋರಿಸಿದೆ. "ತಮ್ಮಾ, ಅವತ್ತು ನಿನಗೆ ಸುಳ್ಳು ಹೇಳಿದೆ" ಅಂದೆ. ಅವನು ನಗಲಿಲ್ಲ. "ಅಣ್ಣಾ, ಬ್ಲಾಕ್ ಮಾಡೋ ಆ್ಯಪ್ ಇದಾವೆ, ಇಬ್ಬರೂ ಹಾಕ್ಕೊಳ್ಳೋಣ" ಅಂದ.

ಬೀಗ ಹಾಕೋದು ಅವಿಶ್ವಾಸವಾ?

ಯೌವನಸ್ಥರ ಕೂಟದಲ್ಲಿ ಈ ವಿಷಯ ಹೇಳಿದಾಗ ಒಬ್ಬ ಬ್ರದರ್ ಒಳ್ಳೆಯ ಪ್ರಶ್ನೆ ಕೇಳಿದರು. "ಪಾಸ್ಟರ್, ಪವಿತ್ರಾತ್ಮನು ನಮ್ಮೊಳಗೆ ಇದ್ದಾನೆ ಅಂತೀವಿ, ಕಟ್ಟುಗಳು ಮುರಿದುಹೋಗುತ್ತವೆ ಅಂತೀವಿ. ಮತ್ತೆ ಆ್ಯಪ್ ಯಾಕೆ? ಅದು ನಂಬಿಕೆ ಇಲ್ಲದವರ ಕೆಲಸ ಅಲ್ವಾ?"

ಈ ಪ್ರಶ್ನೆಯನ್ನ ಸುಮ್ಮನೆ ತಳ್ಳಿಹಾಕಬಾರದು. ಆತ್ಮನು ಬಿಡಿಸ್ತಾನೆ ಅನ್ನೋದು ನಮ್ಮ ಸಭೆಯ ಸಾಕ್ಷಿ. ಒಂದೇ ರಾತ್ರಿಯಲ್ಲಿ ಕುಡಿತ ಬಿಟ್ಟವರು ಇಲ್ಲಿ ಕೂತಿದ್ದೀರಿ. ಆದರೆ ಅವರನ್ನೇ ಕೇಳಿ. ಬಿಟ್ಟ ಮೇಲೆ ಮನೆಗೆ ಹೋಗೋ ದಾರಿ ಬದಲಾಯಿಸಿದಿರೋ ಇಲ್ಲವೋ? ವೈನ್ ಶಾಪ್ ಮುಂದಿನ ರಸ್ತೆ ಬಿಟ್ಟು ಕೆರೆ ಏರಿ ಮೇಲೆ ಬಂದಿರೋ ಇಲ್ಲವೋ? ಅದು ಅವಿಶ್ವಾಸ ಅಲ್ಲ. ಅದು ಬುದ್ಧಿ.

ಯೋಸೇಫನು ಪೋಟೀಫರನ ಮನೆಯಲ್ಲಿ ನಿಂತು ಉಪವಾಸ ಪ್ರಾರ್ಥನೆ ಶುರು ಮಾಡಲಿಲ್ಲ, ಬಟ್ಟೆ ಬಿಟ್ಟು ಓಡಿದ. 1 ಕೊರಿಂಥ 10ರಲ್ಲಿ ಪೌಲನು ಎರಡು ಮಾತು ಅಕ್ಕಪಕ್ಕದಲ್ಲೇ ಇಡ್ತಾನೆ. ನಿಂತಿದ್ದೀನಿ ಅಂದುಕೊಂಡವನು ಬೀಳದ ಹಾಗೆ ಎಚ್ಚರವಾಗಿರಲಿ ಅನ್ನೋದು ಒಂದು. ಶೋಧನೆ ಬಂದಾಗ ದೇವರು ತಪ್ಪಿಸಿಕೊಳ್ಳೋ ದಾರಿಯನ್ನೂ ಇಡ್ತಾನೆ ಅನ್ನೋದು ಇನ್ನೊಂದು. ಆ ದಾರಿ ಯಾವಾಗಲೂ ಪರಲೋಕದಿಂದ ಇಳಿದು ಬರಬೇಕು ಅಂತೇನಿಲ್ಲ. ಸೆಟ್ಟಿಂಗ್ಸ್ ಒಳಗೆ ಇದ್ದರೂ ಅದು ದೇವರು ಇಟ್ಟ ದಾರಿಯೇ.

ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಆತ್ಮನ ಫಲದ ಪಟ್ಟಿ ಇದೆ. ಕೊನೆಯದು ತನ್ನನ್ನ ತಾನು ಹಿಡಿತದಲ್ಲಿಟ್ಟುಕೊಳ್ಳೋದು. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಅದಕ್ಕೆ ಶಮೆದಮೆ ಅನ್ನೋ ಪದ ಇದೆ. ಅದು ಫಲ. ಫಲಕ್ಕೆ ಕಾಲ ಬೇಕು. ಶ್ರೀನಿವಾಸಪುರದ ಕಡೆಯವರು ಇಲ್ಲಿದ್ದೀರಿ, ನಿಮಗೆ ಹೇಳಿಕೊಡಬೇಕಾಗಿಲ್ಲ. ಮಾವಿನ ಸಸಿ ನೆಟ್ಟ ವರ್ಷವೇ ಹಣ್ಣು ಕೇಳ್ತೀರಾ? ಮೂರು ನಾಲ್ಕು ವರ್ಷ ಕಾಯ್ತೀರಿ. ಅಲ್ಲೀತನಕ ಸುತ್ತ ಮುಳ್ಳುಬೇಲಿ ಕಟ್ಟಿರ್ತೀರಿ. ಸಸಿಯ ಮೇಲೆ ನಂಬಿಕೆ ಇಲ್ಲದೆ ಅಲ್ಲ, ಮೇಕೆಗಳ ಮೇಲೆ ನಂಬಿಕೆ ಇಲ್ಲದೆ. ಮರ ದೊಡ್ಡದಾದ ಮೇಲೆ ಬೇಲಿ ತೆಗೀರಿ, ಬೇಡ ಅನ್ನೋರು ಯಾರು? ಸಸಿ ಇರುವಾಗಲೇ ತೆಗೆದರೆ ಮೇಕೆಗೆ ಊಟ.

ಗೋಡೆ ಕಟ್ಟೋದು ಹೇಗೆ?

ಈಗ ಕೆಲಸದ ಮಾತು. ತಂತ್ರಜ್ಞಾನ ಅಂದರೆ ಹೆದರಬೇಡಿ. ಫೋನಿನ ಗೋಡೆಗಳಲ್ಲಿ ಮೂರು ಥರ.

ಮೊದಲನೆಯದು, ಹೊತ್ತಿನ ಗೋಡೆ. ನಾನು ಹೇಳಿದ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಒಂದೊಂದು ಆ್ಯಪ್‌ಗೂ ದಿನಕ್ಕೆ ಇಷ್ಟೇ ನಿಮಿಷ ಅಂತ ಇಡಬಹುದು. ಆ ನಿಮಿಷ ಮುಗಿದರೆ ಆ್ಯಪ್ ಬೂದು ಬಣ್ಣಕ್ಕೆ ತಿರುಗುತ್ತೆ, ಮಧ್ಯರಾತ್ರಿವರೆಗೆ ತೆರೆಯೋದಿಲ್ಲ. ಐಫೋನಿನಲ್ಲಿ ಇದಕ್ಕೆ ಸ್ಕ್ರೀನ್ ಟೈಮ್ ಅಂತಾರೆ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ, ಫೋನಿನಲ್ಲೇ ಇರುತ್ತೆ. ಇದು ಮೊಣಕಾಲೆತ್ತರದ ಗೋಡೆ. ದಾಟಬೇಕು ಅಂದರೆ ಒಂದು ಹೆಜ್ಜೆ ಸಾಕು, ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಹಾಕಿದರೆ ಆಯ್ತು. ಇನ್ನೊಂದು ತೂತು ಇದೆ. ಆ್ಯಪ್ ಮುಚ್ಚಿದರೂ ಅದೇ ವೆಬ್‌ಸೈಟು ಕ್ರೋಮ್‌ನಲ್ಲಿ ತೆರೆದುಕೊಳ್ಳುತ್ತೆ. ಬಾಗಿಲು ಹಾಕಿ ಕಿಟಕಿ ಬಿಟ್ಟ ಹಾಗೆ.

ಎರಡನೆಯದು, ವಿಳಾಸದ ಗೋಡೆ. ನಾವು ಒಂದು ವೆಬ್‌ಸೈಟಿನ ಹೆಸರು ಒತ್ತಿದಾಗ ಫೋನು ಅದರ ನಂಬರು ಹುಡುಕಬೇಕು. ಹೆಸರು ಕೊಟ್ಟರೆ ನಂಬರು ಹೇಳೋ ವ್ಯವಸ್ಥೆಗೆ ಡಿಎನ್‌ಎಸ್ ಅಂತ ಹೆಸರು. ಹಳೇ ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. ಕೆಲವು ಡೈರೆಕ್ಟರಿಗಳು ಕೆಟ್ಟ ಸೈಟಿನ ನಂಬರು ಕೇಳಿದರೆ ಕೊಡೋದೇ ಇಲ್ಲ. ಕ್ಲೌಡ್‌ಫ್ಲೇರ್ ಅನ್ನೋ ಕಂಪನಿ 2020ರ ಏಪ್ರಿಲ್‌ನಲ್ಲಿ ಕುಟುಂಬಗಳಿಗೆ ಅಂತಲೇ ಅಂಥದ್ದೊಂದನ್ನ ಉಚಿತವಾಗಿ ಶುರು ಮಾಡ್ತು. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನಾದರೆ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗದೊಳಗೆ ಪ್ರೈವೇಟ್ ಡಿಎನ್‌ಎಸ್ ಅಂತ ಹುಡುಕಿ. ಅದರಲ್ಲಿ ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಡ್ಯಾಶ್ ಡಿಎನ್‌ಎಸ್ ಡಾಟ್ ಕಾಮ್ ಅಂತ ಇಂಗ್ಲಿಷಿನಲ್ಲಿ ಬರೆದು ಸೇವ್ ಮಾಡಬೇಕು. ಬರೆಯೋಕೆ ಬರದವರು ಪಾಠ ಮುಗಿದ ಮೇಲೆ ಬನ್ನಿ, ಯೌವನಸ್ಥರು ಮಾಡಿಕೊಡ್ತಾರೆ. ಸಿಮ್ಮಿನ ಡೇಟಾ ಆಗಲಿ, ವೈಫೈ ಆಗಲಿ, ಎರಡಕ್ಕೂ ಇದು ಕೆಲಸ ಮಾಡುತ್ತೆ. ಆದರೆ ಇದು ತಡೆಯೋದು ಅಶ್ಲೀಲ ಸೈಟುಗಳನ್ನ, ಫೋನಿಗೆ ವೈರಸ್ ಬಿಡೋ ಸೈಟುಗಳನ್ನ. ರೀಲ್ಸು, ಆಟ ಇದಕ್ಕೆ ಸಿಗೋದಿಲ್ಲ. ವಿಪಿಎನ್ ಹಾಕಿದರೆ ಈ ಗೋಡೆಯನ್ನೂ ದಾಟಬಹುದು. ಹುಡುಗರಿಗೆ ಅದು ಗೊತ್ತು, ಅಪ್ಪಂದಿರಿಗೂ ಗೊತ್ತಿರಲಿ ಅಂತ ಹೇಳಿದೆ.

ಮೂರನೆಯದು, ಬೀಗದ ಗೋಡೆ. ಇವು ಬ್ಲಾಕರ್‌ಗಳು. ಕಂಪ್ಯೂಟರಿನಲ್ಲಿ ಕೆಲಸ ಮಾಡೋರಿಗೆ ಲೀಚ್‌ಬ್ಲಾಕ್, ಕೋಲ್ಡ್ ಟರ್ಕಿ, ಫ್ರೀಡಮ್ ಅಂತ ಹಲವು ಇವೆ. ಯಾವ ಸೈಟು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಅಂತ ನಾವೇ ಬರೆದುಕೊಡೋದು. ಆಪಲ್ ಕಂಪ್ಯೂಟರಿಗೆ ಸೆಲ್ಫ್‌ಕಂಟ್ರೋಲ್ ಅಂತಲೇ ಒಂದಿದೆ. ಒಂದು ಸಲ ಶುರು ಮಾಡಿದರೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ, ಆ ಆ್ಯಪನ್ನೇ ಅಳಿಸಿದರೂ, ಹೇಳಿದ ಹೊತ್ತು ಮುಗಿಯೋವರೆಗೆ ಬಿಡೋದಿಲ್ಲ. ಫೋನಿಗೂ ಪಿನ್ ಹಾಕೋ ಬ್ಲಾಕರ್ ಆ್ಯಪ್‌ಗಳಿವೆ. ಚಿಕ್ಕ ಮಕ್ಕಳ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ. ತಂದೆ ತಾಯಿ ತಮ್ಮ ಫೋನಿನಿಂದಲೇ ಮಗುವಿನ ಫೋನನ್ನ ರಾತ್ರಿ ಮಲಗೋ ಹೊತ್ತಿಗೆ ಬೀಗ ಹಾಕಬಹುದು.

ಒಂದು ಎಚ್ಚರಿಕೆ. ಬ್ಲಾಕರ್ ಆ್ಯಪ್‌ಗಳಲ್ಲಿ ಹಲವು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಆ ಅನುಮತಿ ಕೊಟ್ಟರೆ ನಿಮ್ಮ ಪರದೆಯ ಮೇಲೆ ಏನಿದೆ ಅಂತ ಅದು ಓದಬಹುದು. ಅದಕ್ಕೇ ಪ್ಲೇ ಸ್ಟೋರಿನಲ್ಲಿ ಹೆಸರು ಗೊತ್ತಿರೋದನ್ನ ಮಾತ್ರ ಹಾಕಿಕೊಳ್ಳಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಫೈಲನ್ನ ಒತ್ತಬೇಡಿ. ಕಳ್ಳನನ್ನ ತಡೆಯೋಕೆ ಕಾವಲು ಇಟ್ಟು, ಕಾವಲುಗಾರನೇ ಕಳ್ಳ ಆಗಬಾರದು.

ಕೀಲಿ ಯಾರ ಹತ್ತಿರ?

ನಾನೂ ಆ ಹುಡುಗನೂ ಬ್ಲಾಕರ್ ಹಾಕಿಕೊಂಡೆವು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಿಡಿಯೋ, ಆಟ, ರೀಲ್ಸ್ ಎಲ್ಲ ಬಂದ್. ನಾಲ್ಕು ಅಂಕಿಯ ಪಿನ್ ನಾನೇ ಇಟ್ಟುಕೊಂಡೆ. ಎಷ್ಟು ದಿನ ನಡೆದಿರಬಹುದು? ಮೂರು ದಿನ. ನಾಲ್ಕನೇ ರಾತ್ರಿ "ಇವತ್ತೊಂದು ದಿನ" ಅಂತ ನಾನೇ ಪಿನ್ ಒತ್ತಿದೆ. ಬೀಗ ನಮ್ಮದು, ಕೀಲಿಯೂ ನಮ್ಮ ಜೇಬಿನಲ್ಲಿ ಇದ್ದರೆ ಅದು ಬೀಗ ಅಲ್ಲ, ಬಾಗಿಲಿಗೆ ಹಾಕಿದ ಅಲಂಕಾರ.

ಬೆಳಿಗ್ಗೆ ಒಂಬತ್ತು ಗಂಟೆಯಲ್ಲಿ ನಿರ್ಧಾರ ಮಾಡೋ ಮನುಷ್ಯನೇ ಬೇರೆ, ರಾತ್ರಿ ಹನ್ನೊಂದರಲ್ಲಿ ದಣಿದು ಕೂತಿರೋ ಮನುಷ್ಯನೇ ಬೇರೆ. ಬೆಳಿಗ್ಗೆಯವನು ಗೋಡೆ ಕಟ್ತಾನೆ, ರಾತ್ರಿಯವನು ಒಡೀತಾನೆ. ಆದ್ದರಿಂದ ಕೀಲಿ ರಾತ್ರಿಯವನ ಕೈಗೆ ಸಿಗಬಾರದು.

ಯಾಕೋಬನು 5:16ರಲ್ಲಿ ಹೇಳೋದು ಏನು? ನಿಮ್ಮ ತಪ್ಪುಗಳನ್ನ ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ, ಆಗ ಗುಣವಾಗುತ್ತೆ ಅಂತ. ಅಲ್ಲಿ ದೇವರಿಗೆ ಮಾತ್ರ ಹೇಳಿ ಅಂತಿಲ್ಲ, ಒಬ್ಬರಿಗೊಬ್ಬರು ಅಂತಿದೆ. ಯೋಬ 31:1ರಲ್ಲಿ ಯೋಬನು ತನ್ನ ಕಣ್ಣುಗಳ ಜೊತೆ ಒಪ್ಪಂದ ಮಾಡಿಕೊಂಡ ಮಾತಿದೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಶುರುವಾದ ಕವನೆಂಟ್ ಐಸ್ ಅನ್ನೋ ಸಾಫ್ಟ್‌ವೇರ್ ತನ್ನ ಹೆಸರು ತೆಗೆದುಕೊಂಡಿದ್ದು ಆ ವಚನದಿಂದಲೇ. ಸೈಟು ತಡೆಯೋದಕ್ಕಿಂತ ಅದರ ಮುಖ್ಯ ಕೆಲಸ, ನೀವು ಏನು ನೋಡಿದಿರಿ ಅನ್ನೋ ವರದಿಯನ್ನ ನೀವೇ ಆರಿಸಿಕೊಂಡ ಒಬ್ಬ ಸ್ನೇಹಿತನಿಗೆ ಕಳಿಸೋದು. ಅದಕ್ಕೆ ದುಡ್ಡು ಕಟ್ಟಬೇಕು. ನಮಗೆ ದುಡ್ಡಿಲ್ಲದಿದ್ದರೂ ಅದರ ಹಿಂದಿನ ಬುದ್ಧಿ ಉಚಿತವಾಗಿ ಸಿಗುತ್ತೆ.

ನಾನು ಏನು ಮಾಡಿದೆ ಅಂದರೆ, ನಮ್ಮ ಸಭೆಯ ಒಬ್ಬ ಹಿರಿಯರ ಹತ್ತಿರ ಹೋದೆ. ಅವರದು ಇವತ್ತಿಗೂ ಬಟನ್ ಫೋನ್. "ತಾತಾ, ನೀವು ನಾಲ್ಕು ಅಂಕಿ ಒತ್ತಬೇಕು, ನನಗೆ ಹೇಳಬಾರದು" ಅಂದೆ. ಅವರು ನನಗೆ ಬೆನ್ನು ಮಾಡಿ, ಎರಡು ಸಲ ಒತ್ತಿ, ಅದನ್ನ ತಮ್ಮ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡರು. ಯಾಕೆ ಏನು ಅಂತ ಎಲ್ಲ ಹೇಳಿದೆ. ಅವರು ನನ್ನನ್ನ ಕೀಳಾಗಿ ನೋಡಲಿಲ್ಲ. "ನಾನು ಬೀಡಿ ಬಿಡುವಾಗ ನಮ್ಮವಳ ಕೈಗೇ ಬೆಂಕಿಪೊಟ್ಟಣ ಕೊಟ್ಟಿದ್ದೆ ಪಾಸ್ಟ್ರೇ" ಅಂದರು ಅಷ್ಟೇ.

ಒಂದು ತಿಂಗಳು ಕಳೆದಿರಬಹುದು. ಒಂದು ರಾತ್ರಿ ಹತ್ತು ಗಂಟೆ, ಏನೋ ಬೇಸರ, ಮನಸ್ಸು ತಡೀಲಿಲ್ಲ. "ಕೂಟಕ್ಕೆ ಒಂದು ವಿಡಿಯೋ ಡೌನ್‌ಲೋಡ್ ಮಾಡಬೇಕು" ಅಂತ ನನಗೆ ನಾನೇ ಕಾರಣ ಹೇಳಿಕೊಂಡು ತಾತನ ಮನೆಗೆ ನಡೆದುಕೊಂಡು ಹೋದೆ. ನಾಯಿ ಬೊಗಳಿತು. ತಾತ ಟಾರ್ಚ್ ಹಿಡಿದು, ಕಂಬಳಿ ಹೊದ್ದುಕೊಂಡು ಹೊರಗೆ ಬಂದರು. "ಏನು ಪಾಸ್ಟ್ರೇ, ಯಾರಿಗೆ ಹುಷಾರಿಲ್ಲ? ನಡೀರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ" ಅಂದರು.

ನಾನು ರಾತ್ರಿ ಬಂದೆ ಅಂದರೆ ಯಾರೋ ಸಾಯೋ ಹಾಗಿದ್ದಾರೆ ಅಂತ ಅವರು ಅಂದುಕೊಂಡಿದ್ದರು. ನನ್ನ ಬಗ್ಗೆ ಅವರಿಗಿದ್ದ ನಂಬಿಕೆ ಅಷ್ಟು. ನನ್ನ ಬಾಯಿಂದ ವಿಡಿಯೋ ಮಾತು ಬರಲಿಲ್ಲ. "ಹುಷಾರಿಲ್ಲದಿರೋದು ನನಗೇ ತಾತಾ" ಅಂದೆ. ಜಗುಲಿ ಮೇಲೆ ಕೂತು ಅರ್ಧ ಗಂಟೆ ಪ್ರಾರ್ಥನೆ ಮಾಡಿದೆವು. ಅವತ್ತು ಪಿನ್ ಕೇಳಲಿಲ್ಲ. ಆ್ಯಪ್ ಮಾಡಿದ ಕೆಲಸ ಇಷ್ಟೇ: ಅದು ನನ್ನನ್ನ ಪರಿಶುದ್ಧ ಮಾಡಲಿಲ್ಲ, ಮನೆಯಿಂದ ಎಬ್ಬಿಸಿ ಒಬ್ಬ ಸಹೋದರನ ಬಾಗಿಲವರೆಗೆ ನಡೆಸಿತು. ಉಳಿದದ್ದನ್ನ ದೇವರು ಮಾಡಿದ. ಸ್ತೋತ್ರ.

ಖಾಲಿ ಮನೆ

ಆದರೆ ಗೋಡೆ ಕಾಲನ್ನ ತಡೆಯುತ್ತೆ, ಕಣ್ಣನ್ನ ತಡೆಯೋದಿಲ್ಲ. ದಾವೀದನ ಮಾಳಿಗೆಗೂ ಅಡ್ಡಗೋಡೆ ಇದ್ದಿರಬಹುದು. ಅವನು ಬಿದ್ದದ್ದು ಅದರ ಮೇಲಿಂದ ಕಣ್ಣು ಹಾಯಿಸಿ. ಮತ್ತಾಯ 12ರಲ್ಲಿ ಯೇಸುಸ್ವಾಮಿ ಹೇಳೋದನ್ನ ನೆನಪು ಮಾಡಿಕೊಳ್ಳಿ. ಒಂದು ಅಶುದ್ಧಾತ್ಮ ಹೊರಗೆ ಹೋಯ್ತು, ಮನೆ ಗುಡಿಸಿ ಸಾರಿಸಿ ಖಾಲಿ ಬಿಟ್ಟಿದ್ದರು, ಅದು ತನಗಿಂತ ಕೆಟ್ಟ ಏಳನ್ನ ಕರೆದುಕೊಂಡು ವಾಪಸ್ ಬಂತು.

ನಮ್ಮ ದೇಶದಲ್ಲೇ ಇದಕ್ಕೊಂದು ಉದಾಹರಣೆ ನೋಡಿದ್ದೀವಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನ ನಿಷೇಧ ಮಾಡ್ತು. ಅದಕ್ಕೆ ಕಾರಣ ದೇಶದ ಭದ್ರತೆ. ಆದರೆ ಮನೆಯಲ್ಲಿ ತಾಯಂದಿರು "ಸದ್ಯ, ಪೀಡೆ ಹೋಯ್ತು" ಅಂದರು. ಜುಲೈನಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಆ್ಯಪ್ ಹೋಯ್ತು, ಬೆರಳಿನ ಅಭ್ಯಾಸ ಹೋಗಲಿಲ್ಲ. ಮನೆ ಖಾಲಿ ಇತ್ತು, ಬೇರೆಯವರು ಬಂದು ಕೂತರು.

ಹಾಗಾಗಿ ಬ್ಲಾಕ್ ಮಾಡಿದ ಹೊತ್ತಿಗೆ ಏನು ತುಂಬುತ್ತೀವಿ ಅನ್ನೋದನ್ನ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಒಂಬತ್ತು ಗಂಟೆಗೆ ಕುಟುಂಬ ಪ್ರಾರ್ಥನೆ, ಆಮೇಲೆ ಮಕ್ಕಳಿಗೆ ಒಂದು ಕಥೆ. ದೇವರ ವಾಕ್ಯಕ್ಕೆ ಕಾಗದದ ಪುಸ್ತಕವನ್ನೇ ತೆಗೀತೀನಿ, ಫೋನಿನಲ್ಲಿ ಓದೋಕೆ ಹೋದರೆ ಮೇಲಿಂದ ಒಂದು ನೋಟಿಫಿಕೇಶನ್ ಇಳಿಯುತ್ತೆ. ಆ ಹುಡುಗ ತಾಯಿಯ ಬದಲು ತಾನೇ ಬೆಳಗಿನ ಹಾಲು ಕರೆದು ಡೈರಿಗೆ ಹಾಕೋಕೆ ಶುರು ಮಾಡಿದ. ಐದು ಗಂಟೆಗೆ ಏಳಬೇಕು ಅಂದರೆ ರಾತ್ರಿ ತಾನಾಗಿಯೇ ನಿದ್ದೆ ಬರುತ್ತೆ.

ಗೋಡೆ ಸಾಲದಿದ್ದಾಗ

ಅವನ ಕಥೆ ಪೂರ್ತಿ ಗೆದ್ದ ಕಥೆ ಅಂತ ನಿಮಗೆ ಮಾರೋದಿಲ್ಲ. ಅದಾದ ಮೇಲೆ ಎರಡು ಸಲ ಬಿದ್ದ. ಒಂದು ಸಲ ಸ್ನೇಹಿತನ ಫೋನಿನಲ್ಲಿ ಆಡಿ ಎಂಟುನೂರು ಸಾಲ ಮಾಡಿದ. ಕೆಲವು ತಿಂಗಳಲ್ಲಿ, 2025ರ ಆಗಸ್ಟ್‌ನಲ್ಲಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನನ್ನ ಸಂಸತ್ತು ಮಾಡ್ತು. ಅದು ದೊಡ್ಡ ಗೋಡೆ, ದೇವರಿಗೆ ಸ್ತೋತ್ರ. ಆದರೆ ಕಾನೂನು ಬಂದ ಮಾತ್ರಕ್ಕೆ ಚಟ ಹೋಗೋದಿಲ್ಲ. ಅದು ಈ ಮನೆಗಳಲ್ಲಿ ಎಷ್ಟೋ ಜನರಿಗೆ ಗೊತ್ತು.

ಅದಕ್ಕೇ ಕೆಲವರಿಗೆ ಪ್ರಾರ್ಥನೆ ಜೊತೆ ಡಾಕ್ಟರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ಟು, ಆಟದ ಚಟಕ್ಕೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗೋಕೆ ಆಗದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಕಾಲು ಮುರಿದರೆ ಪ್ರಾರ್ಥನೆಯನ್ನೂ ಮಾಡ್ತೀವಿ, ಕಟ್ಟನ್ನೂ ಹಾಕಿಸ್ತೀವಿ. ಇದಕ್ಕೆ ಮಾತ್ರ ಯಾಕೆ ನಾಚಿಕೆ? ಆ ತಾಯಿಗೂ ನಾನು ಇದನ್ನೇ ಹೇಳಿದೆ. "ಅಮ್ಮಾ, ನಿಮ್ಮ ಮಗನನ್ನ ದೆವ್ವ ಹಿಡಿದವನು ಅಂತ ಊರಲ್ಲಿ ಹೇಳಬೇಡಿ. ಆ ಹೆಸರು ಅಂಟಿಕೊಂಡರೆ ಆಟಕ್ಕಿಂತ ಕಷ್ಟ." ಅವರು ಮಗನ ಜೊತೆ ಕೂತು 14416ಕ್ಕೆ ಮಾತಾಡಿದರು.

ಕೊನೆಗೆ ಮತ್ತೆ ನಮ್ಮ ವಚನಕ್ಕೆ ಬನ್ನಿ. ಅಡ್ಡಗೋಡೆ ಕಟ್ಟದಿದ್ದರೆ ಬೀಳೋದು ಮನೆಯ ಯಜಮಾನನೇ ಅಂತ ದೇವರು ಹೇಳಲಿಲ್ಲ, ಯಾರಾದರೂ ಬಿದ್ದರೆ ಅಂದ. ಯಜಮಾನನಿಗೆ ಅಂಚು ಎಲ್ಲಿದೆ ಅಂತ ಗೊತ್ತು. ಬೀಳೋದು ಮಗು, ಮನೆಗೆ ಬಂದ ನೆಂಟ, ಕತ್ತಲಲ್ಲಿ ನಡೆದವನು. "ನನಗೆ ಹಿಡಿತ ಇದೆ ಪಾಸ್ಟರ್" ಅನ್ನೋ ಅಪ್ಪನೇ, ನಿನ್ನ ಫೋನನ್ನ ಊಟದ ಹೊತ್ತಿಗೆ ಯಾರ ಕೈಗೆ ಕೊಡ್ತೀಯಾ? ನಿನಗೋಸ್ಕರ ಅಲ್ಲದಿದ್ದರೂ ಆ ಮಗುವಿಗೋಸ್ಕರ ಕಟ್ಟು.

ಈ ವಾರ ಮೂರು ಕೆಲಸ. ಇವತ್ತು ರಾತ್ರಿ ನಿಮ್ಮ ಫೋನಿನ ಲೆಕ್ಕ ತೆಗೆದು ಮನೆಯವರ ಮುಂದೆ ಓದಿ. ನಾಳೆ ಒಂದು ಗೋಡೆ ಕಟ್ಟಿ, ಮೂರರಲ್ಲಿ ಯಾವುದಾದರೂ ಸರಿ. ಭಾನುವಾರ ಆರಾಧನೆ ಮುಗಿದ ಮೇಲೆ ಕೀಲಿಯನ್ನ ಒಬ್ಬರ ಕೈಗೆ ಕೊಡಿ. ಅಕ್ಕಂದಿರು ಅಕ್ಕಂದಿರಿಗೆ, ಅಣ್ಣಂದಿರು ಅಣ್ಣಂದಿರಿಗೆ. ಯಾರೂ ಸಿಗದಿದ್ದರೆ ನಮ್ಮ ತಾತನ ಹಾಲಿನ ಪುಸ್ತಕದಲ್ಲಿ ಇನ್ನೂ ಜಾಗ ಇದೆ.

ಎಲ್ಲರೂ ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಮ್ಮ ಕಣ್ಣುಗಳನ್ನೂ ಬೆರಳುಗಳನ್ನೂ ನಿನ್ನ ಪಾದಕ್ಕೆ ತರ್ತೀವಿ. ಕಳೆದುಹೋದ ಗಂಟೆಗಳನ್ನ ಕ್ಷಮಿಸು. ಬಚ್ಚಿಟ್ಟಿದ್ದನ್ನ ಒಬ್ಬ ಸಹೋದರನ ಮುಂದೆ, ಒಬ್ಬ ಸಹೋದರಿಯ ಮುಂದೆ ಹೇಳೋ ಧೈರ್ಯ ಕೊಡು. ಹಾಲಿನ ದುಡ್ಡು ಕಳೆದುಕೊಂಡ ತಾಯಂದಿರನ್ನ ನೆನೆಸಿಕೋ. ರಾತ್ರಿ ಒಬ್ಬನೇ ಎಚ್ಚರವಾಗಿರೋ ಪ್ರತಿಯೊಬ್ಬ ಮಗನ ಹತ್ತಿರ, ಮಗಳ ಹತ್ತಿರ ನೀನೇ ಬಂದು ಕೂತುಕೋ. ನಾವು ಕಟ್ಟೋ ಗೋಡೆ ಚಿಕ್ಕದು, ಒಳಗಿನ ಮನೆಯನ್ನ ನಿನ್ನ ಆತ್ಮನಿಂದ ತುಂಬು. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ, ಆಮೆನ್.